ಮೇಣ ಹಚ್ಚದ ಗಿಯರ್ ತಿರುಗುವುದಿಲ್ಲ

ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ಮರದ ಟ್ರ್ಯಾಕ್ಟರ್ ಕೊನೆಗೂ ಜೋಡಣೆಯಾಗಿ ಶೋಕೇಸಿನಲ್ಲಿ ನಿಂತಿರುತ್ತದೆ. ನೋಡಲು ಚೆಂದ. ಕೀಲಿ ತಿರುಗಿಸಿ ಬಿಟ್ಟರೆ ಮಾತ್ರ ‘ಕಟಕ್’ ಎಂದು ಒಂದು ಸದ್ದು, ಅಷ್ಟೇ. ಬೆರಳಿನಿಂದ ನೂಕಿದರೆ ನಾಲ್ಕು ಅಂಗುಲ ಹೋಗಿ ಮತ್ತೆ ನಿಲ್ಲುತ್ತದೆ. ಮನೆಯವರು ಕಿಟ್ ಮಾರಿದವರನ್ನು ಬೈದುಕೊಳ್ಳುತ್ತಾರೆ. ಆದರೆ ಇಂಥ ಹೆಚ್ಚಿನ ಮಾದರಿಗಳಲ್ಲಿ ಬಿಡಿಭಾಗಗಳು ಸರಿಯಾಗಿಯೇ ಇರುತ್ತವೆ. ಜೋಡಿಸುವ ಅವಸರದಲ್ಲಿ ಒಂದೆರಡು ಹಂತ ಬಿಟ್ಟುಹೋಗಿರುತ್ತವೆ.

ಚಲಿಸುವ ಮರದ ಮಾದರಿಗಳ ಈ ಹುಚ್ಚು ಹಳೆಯದೇನಲ್ಲ. ಉಕ್ರೇನಿನ ಯುಗಿಯರ್ಸ್ ಕಂಪನಿ 2015ರಲ್ಲಿ ಕಿಕ್‌ಸ್ಟಾರ್ಟರ್ ತಾಣದ ಮೂಲಕ ಜಗತ್ತಿನ ಕಣ್ಣಿಗೆ ಬಿತ್ತು. ಚೀನಾದ ರೋಬೋಟೈಮ್ ಕಂಪನಿಯ ರೋಕರ್ ಕಿಟ್‌ಗಳು ಈಗ ಭಾರತದಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ಯಾವುದನ್ನೇ ಕೊಂಡರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ: ಲೇಸರ್‌ನಿಂದ ಕತ್ತರಿಸಿದ ತೆಳು ಪ್ಲೈವುಡ್ ಹಲಗೆಗಳು, ಟೂತ್‌ಪಿಕ್‌ನಂಥ ಕಡ್ಡಿಗಳು, ರಬ್ಬರ್ ಬ್ಯಾಂಡ್ ಮತ್ತು ಚಿತ್ರಗಳೇ ತುಂಬಿದ ಕೈಪಿಡಿ. ಮೊಳೆ ಬೇಡ, ಬಹುತೇಕ ಕಿಟ್‌ಗಳಿಗೆ ಅಂಟೂ ಬೇಡ.

ಮೊದಲ ಸಲ ಕೈಹಾಕುವವರು ಪೆಟ್ಟಿಗೆಯ ಮೇಲಿನ ಚಿತ್ರಕ್ಕಿಂತ ಬಿಡಿಭಾಗಗಳ ಸಂಖ್ಯೆಯನ್ನು ನೋಡಬೇಕು. ಯುಗಿಯರ್ಸ್‌ನ ಟ್ರ್ಯಾಕ್ಟರಿಗೆ 97 ಬಿಡಿಭಾಗಗಳಿದ್ದರೆ, ಅದೇ ಕಂಪನಿಯ ವಿ-ಎಕ್ಸ್‌ಪ್ರೆಸ್ ಉಗಿಬಂಡಿಗೆ 538. ನೂರರ ಒಳಗಿನದೇ ಮೊದಲ ಮಾದರಿಯಾಗಲಿ. ಪೆಟ್ಟಿಗೆಯ ಮೇಲೆ 14 ವರ್ಷ ಎಂದು ಬರೆದಿದ್ದರೆ ಅದನ್ನು ನಂಬಬೇಕು. ಎಂಟು ವರ್ಷದ ಮಗು ಎಷ್ಟೇ ಚುರುಕಾಗಿದ್ದರೂ ಅದರ ಬೆರಳಿನ ಒತ್ತಡಕ್ಕೆ ಗಿಯರ್‌ನ ಹಲ್ಲು ಮುರಿಯುತ್ತದೆ, ಆಮೇಲೆ ಅಪ್ಪನೇ ಕೂತು ಮುಗಿಸಬೇಕಾಗುತ್ತದೆ.

ಪೆಟ್ಟಿಗೆ ಬಿಚ್ಚಿದ ತಕ್ಷಣ ಎಲ್ಲ ಭಾಗಗಳನ್ನೂ ಹಲಗೆಯಿಂದ ಬಿಡಿಸಿ ತಟ್ಟೆಗೆ ಸುರಿದುಕೊಳ್ಳುವುದು ಹಲವರ ಚಾಳಿ. ಹೀಗೆ ಮಾಡಲೇಬಾರದು. ಸಾಮಾನ್ಯವಾಗಿ ಭಾಗದ ಸಂಖ್ಯೆ ಹಲಗೆಯ ಮೇಲಿರುತ್ತದೆಯೇ ಹೊರತು ಭಾಗದ ಮೇಲಲ್ಲ. ಒಮ್ಮೆ ಕಿತ್ತು ರಾಶಿ ಹಾಕಿದರೆ, ಹದಿನೆಂಟು ಹಲ್ಲಿನ ಚಕ್ರ ಯಾವುದು, ಇಪ್ಪತ್ತು ಹಲ್ಲಿನದು ಯಾವುದು ಎಂದು ಎಣಿಸುತ್ತ ಕೂರಬೇಕಾದೀತು. ಕೈಪಿಡಿಯ ಆ ಹಂತಕ್ಕೆ ಬೇಕಾದ ನಾಲ್ಕೋ ಐದೋ ಭಾಗಗಳನ್ನಷ್ಟೇ ಬಿಡಿಸಿಕೊಂಡರೆ ಸಾಕು.

ಬಿಡಿಸುವಾಗ ಹೆಬ್ಬೆರಳಿನಿಂದ ನಿಧಾನವಾಗಿ, ಭಾಗದ ಮಧ್ಯಕ್ಕಿಂತ ಅದು ಹಲಗೆಗೆ ಅಂಟಿಕೊಂಡಿರುವ ಜಾಗದ ಹತ್ತಿರ ಒತ್ತಬೇಕು. ಬರದಿದ್ದರೆ ಕಟ್ಟರ್‌ನ ತುದಿಯಿಂದ ಆ ಸಣ್ಣ ಸೇತುವೆಯನ್ನು ಹಿಂಬದಿಯಿಂದ ಗೀರಿ ತೆಗೆಯಬಹುದು. ಉಳಿದ ಸಿಬಿರನ್ನು ನಯವಾದ ಸ್ಯಾಂಡ್‌ಪೇಪರಿನಿಂದ ಒಂದೆರಡು ಸಲ ಉಜ್ಜಿದರಾಯಿತು. ಲೇಸರ್ ಸುಟ್ಟ ಕಪ್ಪು ಅಂಚು ಚೆನ್ನಾಗಿ ಕಾಣುವುದಿಲ್ಲವೆಂದು ಗಿಯರ್‌ನ ಹಲ್ಲುಗಳನ್ನೆಲ್ಲ ತಿಕ್ಕಿ ಬೆಳ್ಳಗೆ ಮಾಡುವವರಿದ್ದಾರೆ. ಹಲ್ಲಿನ ಆಕಾರ ಕೆಟ್ಟರೆ ಅದು ಪಕ್ಕದ ಚಕ್ರದ ಹಲ್ಲಿನ ಜೊತೆ ಸರಿಯಾಗಿ ಕೂರುವುದಿಲ್ಲ. ಕಪ್ಪು ಹಾಗೆಯೇ ಇರಲಿ.

ಇನ್ನು ಮೇಣದ ವಿಷಯ. ಕೈಪಿಡಿಯ ಕೆಲವು ಹಂತಗಳ ಪಕ್ಕದಲ್ಲಿ ಮೇಣದಬತ್ತಿಯ ಪುಟ್ಟ ಚಿತ್ರವಿರುತ್ತದೆ. ಅದನ್ನು ಬೆಂಕಿಯ ಬಗೆಗಿನ ಎಚ್ಚರಿಕೆ ಎಂದುಕೊಂಡು ಪುಟ ತಿರುಗಿಸಿದವರೂ ಉಂಟು. ಚಿತ್ರ ಹೇಳುವುದು ಇಷ್ಟೇ: ಇಲ್ಲಿ ಮೇಣ ಉಜ್ಜಿ. ಶೋಕೇಸಿನಲ್ಲಿ ನಿಂತುಹೋದ ಟ್ರ್ಯಾಕ್ಟರುಗಳಲ್ಲಿ ಬಹುಪಾಲಿನ ರೋಗ ಇದೇ ಪುಟದಲ್ಲಿ ಶುರುವಾಗಿರುತ್ತದೆ.

ಲೆಕ್ಕ ಹಾಕಿ ನೋಡಿದರೆ ಕಾರಣ ತಿಳಿಯುತ್ತದೆ. 30 ಹಲ್ಲಿನ ಚಕ್ರ 10 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರು ಪಟ್ಟಾಗುತ್ತದೆ. ಅಂಥದೇ ಇನ್ನೊಂದು ಜೋಡಿ ಸೇರಿದರೆ ಒಂಬತ್ತು ಪಟ್ಟು. ವೇಗ ಹೆಚ್ಚಿದಷ್ಟೇ ಪಟ್ಟು ಬಲ ಕುಗ್ಗುತ್ತದೆ. ಅಂದರೆ ಕೊನೆಯ ಚಕ್ರದಲ್ಲಿರುವ ಸಣ್ಣ ತಿಕ್ಕಾಟವೂ ಮೊದಲ ಚಕ್ರವನ್ನು ಎಳೆಯುವ ರಬ್ಬರ್ ಬ್ಯಾಂಡಿಗೆ ಒಂಬತ್ತು ಪಟ್ಟು ಭಾರವಾಗಿ ತಟ್ಟುತ್ತದೆ. ವಿದ್ಯುತ್ ಮೋಟಾರಾಗಿದ್ದರೆ ಜಗ್ಗಿಕೊಂಡು ಹೋಗುತ್ತಿತ್ತೇನೋ; ರಬ್ಬರಿಗೆ ಅಷ್ಟು ಕಸುವಿಲ್ಲ.

ಬಣ್ಣವಾಗಲಿ ಸುವಾಸನೆಯಾಗಲಿ ಇಲ್ಲದ ಸಾದಾ ಬಿಳಿ ಮೇಣದಬತ್ತಿ ಸಾಕು. ಅದನ್ನು ಹಚ್ಚಬಾರದು, ಕರಗಿಸಲೂಬಾರದು. ಒಣಗಿದ್ದ ಹಾಗೆಯೇ ಉಜ್ಜಬೇಕು. ಕರಗಿದ ಮೇಣ ಹಲ್ಲುಗಳ ಸಂದಿಯಲ್ಲಿ ಹೆಪ್ಪುಗಟ್ಟಿ ಹೊಸ ತೊಡಕು ತರುತ್ತದೆ. ಮೊದಲು ಹಲ್ಲುಗಳ ಎರಡೂ ಮಗ್ಗುಲಿಗೆ, ನಂತರ ಅಚ್ಚಿನ ಕಡ್ಡಿಗೆ, ಆಮೇಲೆ ಕಡ್ಡಿ ಹಾಯುವ ತೂತಿನ ಬಾಯಿಗೆ. ಹೆಚ್ಚಿನವರು ಮರೆಯುವುದು ನಾಲ್ಕನೆಯ ಜಾಗ: ಚಕ್ರದ ಚಪ್ಪಟೆ ಮೈ ಪಕ್ಕದ ಚೌಕಟ್ಟಿಗೆ ತಾಗುವ ಕಡೆ. ಹಲ್ಲಿಗೆಲ್ಲ ಮೇಣ ಹಚ್ಚಿ ಇದೊಂದನ್ನು ಬಿಟ್ಟರೆ ಮಾದರಿ ಮತ್ತೆ ಅಳುಕುತ್ತದೆ. ಉದುರಿದ ಪುಡಿಯನ್ನು ಹಳೆಯ ಟೂತ್‌ಬ್ರಷ್‌ನಿಂದ ಕೊಡವಿ, ಚಕ್ರವನ್ನು ಬೆರಳಿನಿಂದ ಹತ್ತಿಪ್ಪತ್ತು ಸುತ್ತು ತಿರುಗಿಸಿದರೆ ಮೇಣ ಹದವಾಗಿ ಕೂರುತ್ತದೆ. ಕದಲದೆ ಬಿಗಿಯಾಗಿ ನಿಲ್ಲಬೇಕಾದ ಕೀಲುಗಳಿಗೆ, ಕೈಪಿಡಿ ಹೇಳದ ಹೊರತು, ಮೇಣ ಬೇಡ.

ಮತ್ತೆ ಎಣ್ಣೆ! ಬಾಗಿಲು ಕಿರ್ರೆಂದರೆ ಕೊಬ್ಬರಿ ಎಣ್ಣೆ ಬಿಟ್ಟು ರೂಢಿಯಾದ ಕೈ, ಗಿಯರ್ ಬಿಗಿಯಾದರೂ ಬಾಟಲಿಯನ್ನೇ ಹುಡುಕುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಸುರಿದವರೂ ಇದ್ದಾರೆ. ಎಣ್ಣೆ ಕಬ್ಬಿಣಕ್ಕೆ ಒಳ್ಳೆಯದು. ಮರ ಅದನ್ನು ಹೀರಿಕೊಳ್ಳುತ್ತದೆ, ಜಿಡ್ಡಿಗೆ ದೂಳು ಮೆತ್ತಿಕೊಳ್ಳುತ್ತದೆ, ಕೆಲವೇ ದಿನಗಳಲ್ಲಿ ಹಲ್ಲುಗಳ ನಡುವೆ ಕಪ್ಪು ಅಂಟು ತುಂಬುತ್ತದೆ. ಮೇಣವಾದರೆ ಮೇಲ್ಮೈಯಲ್ಲೇ ಉಳಿಯುತ್ತದೆ. ಒಮ್ಮೆ ಎಣ್ಣೆ ಕುಡಿದ ಚಕ್ರವನ್ನು ಮೊದಲಿನಂತೆ ಮಾಡಲು ಸುಲಭದ ದಾರಿಯಿಲ್ಲ, ಬದಲಿ ಚಕ್ರವೇ ಗತಿ.

ಮೇಣದ ಕೆಲಸ ಸರಿಯಾದರೆ ಜೋಡಣೆ ಸಲೀಸು. ಅಚ್ಚಿನ ಕಡ್ಡಿಯನ್ನು ಕಣ್ಣಂದಾಜಿನಲ್ಲಿ ಕತ್ತರಿಸದೆ ಕೈಪಿಡಿಯಲ್ಲಿ ಕೊಟ್ಟ ಅಳತೆಗೇ ಕತ್ತರಿಸಬೇಕು. ಉಗುರು ಕತ್ತರಿ ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತದೆ. ತುದಿ ಒಂದು ಮಿಲಿಮೀಟರ್ ಹೊರಚಾಚಿದರೂ ಪಕ್ಕದ ಚಕ್ರಕ್ಕೆ ಅಡ್ಡ ಬಂದೀತು. ಕೆಲವು ಹಂತಗಳಲ್ಲಿ ಇಂಥ ಹಲ್ಲು ಇಂಥ ಸಂದಿಯಲ್ಲೇ ಕೂರಬೇಕೆಂದು ಗುರುತು ತೋರಿಸಿರುತ್ತಾರೆ, ಅಲ್ಲಿ ಉದಾಸೀನ ಸಲ್ಲದು. ಪ್ರತಿ ತುಂಡು ಜೋಡಣೆ ಮುಗಿದಾಗಲೂ ಕೈಯಿಂದ ತಿರುಗಿಸಿ ನೋಡಬೇಕು. ಹತ್ತು ಚಕ್ರ ಸೇರಿದ ಮೇಲೆ ಬಿಗಿತ ಎಲ್ಲಿದೆ ಎಂದು ಹುಡುಕಹೊರಟರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ, ಪ್ಲೈವುಡ್ ತೇವ ಹೀರಿ ಉಬ್ಬುತ್ತದೆ. ತೂತಿಗೆ ಕಡ್ಡಿ ಹೋಗದಿದ್ದರೆ ಸುತ್ತಿಗೆ ಹಿಡಿಯದೆ ಹಲಗೆಗಳನ್ನು ಒಂದೆರಡು ದಿನ ಒಣ ಕೋಣೆಯಲ್ಲಿ, ದಪ್ಪ ಪುಸ್ತಕದ ಅಡಿ ಇಡಬೇಕು. ಬಿಸಿಲಿಗೆ ಹಾಕಿದರೆ ಸೊಟ್ಟಗಾಗುತ್ತವೆ.

ರಬ್ಬರ್ ಬ್ಯಾಂಡನ್ನು ಸುತ್ತಿದ ಸ್ಥಿತಿಯಲ್ಲೇ ಬಿಡಬಾರದು, ಎಳೆತ ಕಳೆದುಕೊಂಡು ಬೇಗ ತುಂಡಾಗುತ್ತದೆ. ಮುರಿದ ಭಾಗಕ್ಕೆ ಮರದ ಅಂಟು ಹಚ್ಚಿ, ಒತ್ತಿ ಹಿಡಿದು, ಒಂದು ರಾತ್ರಿ ಬಿಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ; ಗಿಯರ್‌ನ ಹಲ್ಲಾದರೆ ಅನುಮಾನ. ಹಲವು ಪೆಟ್ಟಿಗೆಗಳಲ್ಲಿ ಮುರಿಯುವಂಥ ಭಾಗಗಳ ಒಂದೆರಡು ಹೆಚ್ಚುವರಿ ಪ್ರತಿಗಳಿರುತ್ತವೆ. ಹಾಗಾಗಿ ಮಾದರಿ ಓಡುವವರೆಗೆ ಖಾಲಿ ಹಲಗೆಗಳನ್ನು ಗುಡಿಸಿ ಎಸೆಯಬಾರದು. ಕಂಪನಿಯಿಂದ ಬದಲಿ ಭಾಗ ಕೇಳಬೇಕಾದಾಗ ಅದರ ಸಂಖ್ಯೆ ಸಿಗುವುದೂ ಅಲ್ಲೇ.