ಕಿಟಕಿಗೆ ಮರೆ ಇರಲಿ, ಗಾಳಿಗೆ ದಾರಿಯೂ ಇರಲಿ
ರಸ್ತೆಯವರ ಕಣ್ಣಿಗೆ ಬೀಳಬಾರದೆಂದು ಮಲಗುವ ಕೋಣೆಗೆ ದಪ್ಪ ಪರದೆ ಹಾಕಿ, ಹಗಲಿಡೀ ಎಳೆದೇ ಇಡುವ ಮನೆಗಳು ನಮ್ಮಲ್ಲಿ ಬಹಳ. ಮರೆ ಬೇಕು, ನಿಜ. ಅದಕ್ಕಾಗಿ ಗಾಳಿ ಬೆಳಕನ್ನು ತಡೆಯಬೇಕಾಗಿಲ್ಲ. ಎದುರಿಗೆ ಮಾಳಿಗೆ ಮನೆ ಇಲ್ಲದಿದ್ದರೆ ಕಿಟಕಿಯ ಕೆಳಗಿನ ಅರ್ಧಕ್ಕೆ ಮಾತ್ರ ತೆಳು ಹತ್ತಿಬಟ್ಟೆ ಹಾಕಿ ನೋಡಿ. ಹಗಲಲ್ಲಿ ಹೊರಗೇ ಬೆಳಕು ಹೆಚ್ಚು; ತೆಳು ಬಟ್ಟೆಯೂ ಸಾಕಷ್ಟು ಮರೆ ಕೊಡುತ್ತದೆ. ದೀಪ ಹಾಕಿದ ಮೇಲೆ ಇದು ತಿರುಗುಮುರುಗು, ಒಳಗಿನವರು ಹೊರಗೆ ಕಾಣುತ್ತಾರೆ. ಆದ್ದರಿಂದ ಮಗ್ರಿಬ್ ಹೊತ್ತಿಗೆ ಎಳೆಯಲು ಇನ್ನೊಂದು ದಪ್ಪ ಪರದೆ ಇಟ್ಟುಕೊಳ್ಳಿ. ಬೆಳಗ್ಗೆ ಬಿಸಿಲು ಬಂದಾಗ ಅದನ್ನು ಪೂರ್ತಿ ಸರಿಸಿಬಿಡಿ.

ಮಗುವಿಗೆ ಉಬ್ಬಸವೋ ಬೆಳಗಿನ ಸೀನೋ ಇದ್ದರೆ ಪರದೆಯನ್ನೊಮ್ಮೆ ಅಂಗಳಕ್ಕೊಯ್ದು ತಟ್ಟಿ ನೋಡಿ, ಮಗು ದೂರವಿರಲಿ. ವೆಲ್ವೆಟ್ ಚಂದವೇ, ಆದರೆ ಧೂಳು ಹಿಡಿದಿಡುತ್ತದೆ. ನಾವೋ ಅದನ್ನು ಒಗೆಯುವುದು ಈದ್‌ಗೆ ಮಾತ್ರ! ಧೂಳಿನ ನುಸಿ ಸಾಯಲು 60 ಡಿಗ್ರಿ ಬಿಸಿನೀರು ಬೇಕು. ಅದನ್ನು ತಾಳುವ ಹತ್ತಿಬಟ್ಟೆಯನ್ನೇ ಆರಿಸಿ.

ಒಲೆಯ ಪಕ್ಕದ ಕಿಟಕಿಗೆ ಬಟ್ಟೆಯೇ ಬೇಡ, ಗಾಜಿಗೆ ಮಸುಕು ಹಾಳೆ ಅಂಟಿಸಿದರಾಯಿತು.

ದಾರ ಎಳೆಯುವ ಬ್ಲೈಂಡ್ಸ್ ಇದ್ದರೆ ದಾರವನ್ನು ಎತ್ತರದಲ್ಲಿ ಬಿಗಿದು ಕಟ್ಟಿ, ತೊಟ್ಟಿಲನ್ನೂ ಮಂಚವನ್ನೂ ಅಲ್ಲಿಂದ ಸರಿಸಿ. ಕುತ್ತಿಗೆಗೆ ಸುತ್ತಿಕೊಂಡು ಮಕ್ಕಳು ಸತ್ತದ್ದುಂಟು. ಪಕ್ಕದ ಕೋಣೆಯಲ್ಲಿರುವ ತಾಯಿಗೆ ಸದ್ದೂ ಕೇಳಿಸುವುದಿಲ್ಲ.