ಕಿನ್ನಾಳದ ಗರುಡ

ಉತ್ಸವದಂದು ಶ್ರೀಹರಿಯನ್ನು ಹೊತ್ತು ಬರುವ ಗರುಡವಾಹನಕ್ಕೆ ನಾವೆಲ್ಲರೂ ಕೈಮುಗಿಯುತ್ತೇವೆ. ಅದನ್ನು ರೂಪಿಸಿದ ಕೈಗಳನ್ನು ಸ್ಮರಿಸುವುದು ವಿರಳ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಗರುಡ, ಹನುಮಂತ, ಹೆಣ್ಣುಮೊಗದ ಕಾಮಧೇನು ಮೊದಲಾದುವನ್ನು ಮರದಲ್ಲಿ ನಿರ್ಮಿಸುತ್ತ ಬಂದಿದ್ದಾರೆ. ಹಂಪೆಯ ವಿರೂಪಾಕ್ಷ ದೇವಾಲಯದ ಛಾವಣಿಯ ಚಿತ್ರಗಳು ತಮ್ಮ ಪೂರ್ವಿಕರವೆಂಬುದು ಅವರಲ್ಲಿ ನಡೆದುಬಂದ ಮಾತು.

ಅವರು ಆರಿಸುವುದು ಹಗುರವಾದ ಮರವನ್ನು. ಹೆಗಲ ಮೇಲೆ ಹೊರುವವರಿಗೆ ಇದರ ಬೆಲೆ ಚೆನ್ನಾಗಿ ತಿಳಿದಿದೆ! ಅಂಗಾಂಗಗಳನ್ನು ಬೇರೆಬೇರೆಯಾಗಿ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಗೋಣಿನಾರನ್ನು ನೆನೆಸಿ, ಒಣಗಿಸಿ, ಪುಡಿಮಾಡಿ ಅದೇ ಅಂಟಿನೊಡನೆ ಕಲಸಿ ಮೈಗೆ ಮೆತ್ತುತ್ತಾರೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಹಾರ, ಕಿರೀಟಗಳನ್ನು ಉಬ್ಬಾಗಿ ಬಿಡಿಸಿದ ಮೇಲೆ ಬಣ್ಣ.

ಗರುಡನಿಗೆ ಹಕ್ಕಿಯ ಕೊಕ್ಕು, ರೆಕ್ಕೆ. ಮನುಷ್ಯನ ಮುಗಿದ ಕೈ. ತಾಯಿ ವಿನತೆಯ ದಾಸ್ಯವಿಮೋಚನೆಗಾಗಿ ಅಮೃತವನ್ನು ತಂದರೂ ತಾನು ಸವಿಯದ ಆ ಪಕ್ಷಿರಾಜನ ನಿಸ್ಪೃಹತೆಗೆ ಶ್ರೀವಿಷ್ಣುವು ಮೆಚ್ಚಿದನೆಂದು ಮಹಾಭಾರತದ ಆದಿಪರ್ವವು ತಿಳಿಸುತ್ತದೆ. ಮುಗಿದ ಕೈಯಲ್ಲಿ ನಮಗೆ ಕಾಣುವುದು ಆ ದಾಸ್ಯಭಾವವೇ. ತಾಯಿಯನ್ನು ದಾಸ್ಯದಿಂದ ಬಿಡಿಸಿದವನು ಹರಿದಾಸ್ಯವನ್ನು ತಾನಾಗಿ ವರಿಸಿದನು.

ಹಳೆಯ ವಾಹನವೊಂದು ಮಾಸಿತೆಂದು ಅಂಗಡಿಯ ಎಣ್ಣೆಬಣ್ಣ ಬಳಿಸಿದವರಲ್ಲಿ ನಾವೂ ಸೇರಿದ್ದೇವೆ. ಹಾರದ ಉಬ್ಬುಗೆರೆಗಳೆಲ್ಲ ಅದರಡಿ ಮುಚ್ಚಿಹೋದವು. ಮುಂದಿನ ಉತ್ಸವಕ್ಕೆ ಮುನ್ನ ಬಲ್ಲ ಚಿತ್ರಗಾರರಿಗೇ ಅದನ್ನು ಒಪ್ಪಿಸಬೇಕೆಂದಿದ್ದೇವೆ.