ಕೊರಳಿಗೆ ಹಗ್ಗ ಹಾಕುವ ಮುನ್ನ

ಮೇಲೆ ನೋಡಿದರೆ ಒಣಗಿದ ನೆಲ. ಅಂಗೈ ಅಗಲದ ಬಿರುಕುಗಳು, ಅಲ್ಲಲ್ಲಿ ಗರಿಕೆ, ಆಚೆ ಒಂದಷ್ಟು ನೀರು. ನಾಯಿ ಓಡಾಡಿದರೆ ಏನೂ ಆಗುವುದಿಲ್ಲ, ಮನುಷ್ಯ ನಡೆದರೂ ಹಿಮ್ಮಡಿಯಷ್ಟು ಹೂತೀತು. ಆದರೆ 400 ಕೆ.ಜಿ. ತೂಗುವ ಸೀಮೆಹಸು ನೀರಿನ ಆಸೆಗೆ ನಾಲ್ಕು ಹೆಜ್ಜೆ ಮುಂದಿಟ್ಟರೆ ಆ ಹೆಪ್ಪು ಒಡೆದು ಗೊರಸು ಕೆಳಗಿಳಿಯುತ್ತದೆ. ಅಡಿಯಲ್ಲಿರುವುದು ಬೆಣ್ಣೆಯಂಥ ಗೋಡು, ಅಂದರೆ ಕೆರೆಯ ಹೂಳು. ಕಾಲು ಕೀಳಲು ಕೊಸರಾಡಿದಷ್ಟೂ ಹೊಟ್ಟೆಮಟ್ಟ ಇಳಿಯುತ್ತದೆ. ಚಳಿ ದೇಶಗಳಲ್ಲಿ ಹೆಪ್ಪುಗಟ್ಟಿದ ಕೆರೆಯ ಮಂಜು ಒಡೆದು ಕುದುರೆ, ಜಿಂಕೆಗಳು ಸಿಕ್ಕಿಬೀಳುತ್ತವೆ. ನಮ್ಮ ಮಂಡ್ಯದ ಕಡೆ ಅಂಥ ಹೆಪ್ಪು ಕಟ್ಟುವ ಕೆಲಸವನ್ನು ಏಪ್ರಿಲ್ ಬಿಸಿಲು ಮಾಡುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕೂ ತಾಲ್ಲೂಕುಗಳ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಜ್ವರ, ಗರ್ಭ, ಕಾಲುಬಾಯಿ ಜ್ವರದ ಲಸಿಕೆ ಇವನ್ನೆಲ್ಲ ಓದಿ ಕಲಿತೆ. ಗೋಡಿನಿಂದ ಹಸು ಎತ್ತುವುದನ್ನು ಮಾತ್ರ ಒಂದು ಹಸುವನ್ನು ಕಳೆದುಕೊಂಡು ಕಲಿತೆ.

2003ರ ಬೇಸಿಗೆ. ಬರಗಾಲ. ನಾಗಮಂಗಲ ಕಡೆಯ ಒಂದು ಕೆರೆ. ನಾನು ಹೋಗುವ ಹೊತ್ತಿಗೆ ಹಸುವಿನ ಕೊರಳಿಗೆ ಹಗ್ಗ ಬಿದ್ದಿತ್ತು, ಇನ್ನೊಂದು ತುದಿ ಟ್ರ್ಯಾಕ್ಟರಿಗೆ. ಎಲ್ಲರೂ ನನ್ನ ಮುಖ ನೋಡಿದರು. ನಾನೇ "ಎಳೀರಿ" ಅಂದೆ. ಹಗ್ಗ ಬಿಗಿಯಿತು. ಕೊರಳು ಉದ್ದವಾಯಿತು, ನಾಲಿಗೆ ಹೊರಬಂತು, ಮೈ ಮಾತ್ರ ಅಲ್ಲಾಡಲಿಲ್ಲ. ಮತ್ತೊಮ್ಮೆ ಎಳೆದಾಗ ಒಳಗೆಲ್ಲೋ ಸೊಂಟದ ಕೀಲು ತಪ್ಪಿದ ಸದ್ದು ಕೇಳಿತು. ಹಸು ಹೊರಬಂತು, ಆದರೆ ಏಳಲಿಲ್ಲ. ಮನೆಯ ಅಜ್ಜಿ ಅದರ ಗಂಗೆದೊಗಲು ಸವರುತ್ತಾ, "ಬದುಕ್ಕತದಾ ಡಾಕ್ಟ್ರೆ?" ಎಂದು ಮೂರು ಸಲ ಕೇಳಿದರು. ಬೆಳಗಾಗುವಷ್ಟರಲ್ಲಿ ಸತ್ತಿತ್ತು. ಅಜ್ಜಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅದಕ್ಕೇ ಆ ದಿನ ಇನ್ನೂ ಮರೆತಿಲ್ಲ.

ಅಂದು ನನಗೆ ತಿಳಿಯದಿದ್ದ ಸಂಗತಿ ಇಷ್ಟೆ: ಹಸುವನ್ನು ಹಿಡಿದಿಟ್ಟುಕೊಳ್ಳುವುದು ಅದರ ತೂಕವಲ್ಲ. ಒದ್ದೆ ಗೋಡು ಕಾಲಿನ ಸುತ್ತ ಮುಚ್ಚಿಕೊಂಡಾಗ ಅಡಿಯಲ್ಲಿ ಗಾಳಿಗೆ ಜಾಗವಿರುವುದಿಲ್ಲ. ಎಳೆದಷ್ಟೂ ಅದು ಕೆಳಕ್ಕೆ ಹೀರುತ್ತದೆ. ಆ ಹಿಡಿತ ಬಿಡಿಸದೆ ಟ್ರ್ಯಾಕ್ಟರ್ ಹಚ್ಚಿದರೆ ಕೆಸರು ಸೋಲುವುದಿಲ್ಲ, ಕೀಲು ಸೋಲುತ್ತದೆ. ಕೊರಳು, ಕೊಂಬು, ಬಾಲ, ಮೂಗುದಾರ, ಈ ನಾಲ್ಕನ್ನೂ ಎಳೆಯಲೇಬಾರದು.

2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾದವು. ಮರುವರ್ಷದ ಬೇಸಿಗೆಯಲ್ಲಿ ಕೆ.ಆರ್. ಪೇಟೆ ಕಡೆಯ ಊರೊಂದರಿಂದ ಫೋನ್ ಬಂತು. ಏಳು ತಿಂಗಳ ಗಬ್ಬದ ಹಸು. ಹುಡುಗರು ಆಗಲೇ ಹಗ್ಗ ಹಿಡಿದು ನಿಂತಿದ್ದರು. "ಕೊರಳಿಗೆ ಹಾಕ್ಬ್ಯಾಡ್ರಪ್ಪ, ಮೊದ್ಲು ಒಂದು ಏಣಿ, ಒಂದು ಬಾಗ್ಲು ತನ್ನಿ" ಅಂದೆ. ಏಣಿಯನ್ನು ಗೋಡಿನ ಮೇಲೆ ಮಲಗಿಸಿ, ಸುತ್ತ ಕಬ್ಬಿನ ಸೋಗೆ, ತೆಂಗಿನ ಗರಿ ಹಾಸಿದೆವು. ಹೆಪ್ಪಿನ ಮೇಲೆ ನಿಂತರೆ ಒಡೆಯುತ್ತದೆ, ಮಲಗಿದರೆ ಹೊರುತ್ತದೆ. ಮಂಜಿನ ಕೆರೆಯಲ್ಲಿ ಅಗ್ನಿಶಾಮಕದವರು ಬೋರಲಾಗಿ ತೆವಳುವುದೂ ಇದೇ ಕಾರಣಕ್ಕೆ. ಇಬ್ಬರೇ ಹೋದರು, ಇಬ್ಬರ ಸೊಂಟಕ್ಕೂ ಹಗ್ಗ, ಅದರ ತುದಿ ದಡದವರ ಕೈಯಲ್ಲಿ.

ಹಸುವಿನ ಕಣ್ಣಿಗೆ ಒಂದು ಟವೆಲ್ ಕಟ್ಟಿದೆವು. ಕೊಸರಾಟ ನಿಂತಿತು. ಸಣ್ಣ ಮೋಟರಿನ ಪೈಪನ್ನು ಕಾಲಿನ ಪಕ್ಕದಲ್ಲೇ ಕೆಳಗಿಳಿಸಿ ನೀರು ಬಿಟ್ಟಾಗ ಗೋಡು ಗಂಜಿಯಂತಾಗಿ ಗುಳ್ಳೆ ಎದ್ದಿತು. ಹಿಡಿತ ಬಿಟ್ಟ ಗುರುತು ಅದು. ಒಂದು ಕಾಲಾದ ಮೇಲೆ ಇನ್ನೊಂದು. ನೀರು ಹಾಯಿಸುವ ಅಗಲವಾದ ಚಪ್ಪಟೆ ಪೈಪನ್ನು ಮುಂಗಾಲುಗಳ ಹಿಂದೆ ಎದೆಗೆ ಒಂದು ಸುತ್ತು, ತೊಡೆಗಳ ಹಿಂದೆ ಒಂದು ಸುತ್ತು ತಂದು, ಮೆಲ್ಲಗೆ ಅಲುಗಾಡಿಸುತ್ತಾ ಒಂದು ಮಗ್ಗುಲಿಗೆ ವಾಲಿಸಿ ಬಾಗಿಲ ಹಲಗೆಯ ಮೇಲೆ ಉರುಳಿಸಿದೆವು. ಆಮೇಲೆ ಎಳೆದದ್ದು ಹಲಗೆಯನ್ನು, ಹಸುವನ್ನಲ್ಲ. ಎರಡೂವರೆ ಗಂಟೆ ಹಿಡಿಯಿತು. ಹತ್ತು ನಿಮಿಷದಲ್ಲಿ ಮುಗಿಸುವ ಅವಸರವೇ ನನ್ನ ಮೊದಲ ಹಸುವನ್ನು ಕೊಂದದ್ದು.

ನಾಲೆಯದು ಬೇರೆ ಕಥೆ. ಶ್ರೀರಂಗಪಟ್ಟಣ, ಪಾಂಡವಪುರ ಕಡೆ ವಿಶ್ವೇಶ್ವರಯ್ಯ ನಾಲೆಗೆ ಬಿದ್ದ ದನ ಈಜುತ್ತದೆ, ಆದರೆ ಪಾಚಿ ಹಿಡಿದ ಸಿಮೆಂಟು ಇಳಿಜಾರು ಹತ್ತಲಾರದು. ದಡದಲ್ಲೇ ನಡೆಯುತ್ತಾ ಮೆಟ್ಟಿಲಿರುವ ಜಾಗಕ್ಕೋ ಮಣ್ಣಿನ ದಡಕ್ಕೋ ಅದನ್ನು ತಿರುಗಿಸಬೇಕು, ನಾಲೆ ಹುಲಿಕೆರೆ ಸುರಂಗ ಹೊಗುವುದಕ್ಕೆ ಮುಂಚೆ. ದನದ ಹಿಂದೆ ನೀರಿಗೆ ಹಾರಬೇಡಿ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ಬಿದ್ದು 30 ಜನ ಸತ್ತದ್ದು ಇದೇ ನಾಲೆಯಲ್ಲಿ.

ದಡಕ್ಕೆ ಬಂದ ಹಸುವನ್ನು ಜನ ಬಿಟ್ಟು ಹೋಗಿಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಗ. ಮಗ್ಗುಲಾಗಿ ಚಾಚಿಕೊಂಡು ಮಲಗಿದ ಹಸುವಿಗೆ ತೇಗು ಹೊರಬರುವುದಿಲ್ಲ, ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ಅದಕ್ಕೇ ಎದೆಯ ಮೇಲೆ ಕೂತಂತೆ ಮಾಡಿ, ಪಕ್ಕಕ್ಕೆ ಹುಲ್ಲಿನ ಮೂಟೆ ಒರಗಿಸಿ. ಮೈ ತಣ್ಣಗಾಗಿರುತ್ತದೆ, ಒಣಹುಲ್ಲಿನಿಂದ ತಿಕ್ಕಿ ಗೋಣಿಚೀಲ ಹೊದಿಸಿ. ಗೊಟ್ಟದಲ್ಲಿ ಬಾಯಿಗೆ ಏನನ್ನೂ ಹುಯ್ಯಬೇಡಿ. ನುಂಗುವ ಶಕ್ತಿ ಇಲ್ಲದ ಹಸುವಿಗೆ ಬೆಲ್ಲದ ನೀರು ಕೂಡ ಶ್ವಾಸಕೋಶಕ್ಕೆ ಇಳಿದು ಕೊಲ್ಲುತ್ತದೆ. ಏಳದಿದ್ದರೆ ಮೂರು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿಯೂ. ಇಲ್ಲದಿದ್ದರೆ ಅದರ ಭಾರಕ್ಕೆ ಅದರದೇ ಅಡಿಯ ಕಾಲಿನ ಮಾಂಸಖಂಡ, ನರ ಸಾಯುತ್ತವೆ. ಕೆ.ಆರ್. ಪೇಟೆಯ ಆ ಮನೆಯ ತಾಯಿ ಮಗಳು ಅಲಾರಂ ಇಟ್ಟುಕೊಂಡು ಎರಡು ರಾತ್ರಿ ಮಗ್ಗುಲು ಬದಲಿಸಿದರು. ಮೂರನೆಯ ಬೆಳಗ್ಗೆ ಹಸು ಎದ್ದಿತು.

ಆ ಹಸು ಬಿದ್ದದ್ದು ಜೆ.ಸಿ.ಬಿ.ಯಿಂದ ಗೋಡು ತೆಗೆದು ಹಾಗೇ ಬಿಟ್ಟಿದ್ದ ಗುಂಡಿಯ ಅಂಚಿನಲ್ಲಿ. ಹೊಲಕ್ಕೆ ಗೋಡು ಹೊಡೆಯುವುದು ಒಳ್ಳೆಯ ಕೆಲಸ, ಹೊಡೆಯಿರಿ. ಆದರೆ ಗುಂಡಿಯ ಒಂದು ಕಡೆಯಾದರೂ ದನ ಹತ್ತಿ ಬರುವಂತೆ ಇಳಿಜಾರು ಮಾಡಿಸಿ, ಜೆ.ಸಿ.ಬಿ.ಗೆ ಅರ್ಧ ಗಂಟೆಯ ಕೆಲಸ ಅದು. ಮತ್ತೆ ಈ ಎರಡು ನಂಬರು ಕೊಟ್ಟಿಗೆಯ ಬಾಗಿಲ ಮೇಲೆ ಬರೆದಿಡಿ: ಪಶು ಸಂಜೀವಿನಿ ಆಂಬುಲೆನ್ಸಿಗೆ 1962, ಅಗ್ನಿಶಾಮಕಕ್ಕೆ 112.